ಆಚೀ ತುದಿ

ಸರ್ವೇ ಸಾಹೇಬ್ರು ಈಚೀ ತುದಿ ಹಿಡೀತಿದ್ರು.
ಆಚೀ ತುದಿ ನಂದು.
ಮೂವತ್ಮೂರು ಫೂಟು, ಹದಿನಾರು ಆಣೆ,
ನಡುವ ಯಾರ್ದೋ ಎರಿ ಹೊಲ,
ಕುಸಬಿ ಮುಳ್ಳು, ಇಬ್ಬನಿ ಆರದ ಕಡ್ಲಿ.

ಸೇವಾ ಪುಸ್ತಕದಾಗ ಬರದಾರ:
ಮರ್ದಾನಸಾಬ ತಂದೆ ಇಮಾಮಸಾಬ ನದಾಫ, ಸಾಕಿನ ಸವಣೂರ.
ಗುರುತು: ಬಲಗಾಲ ಹಿಮ್ಮಡಕ್ಕ ಜಾಲಿಮುಳ್ಳಿನ ಕಲೆ.
ದಿನಗೂಲಿ ಇದ್ದಾಗ ಚುಚ್ಚಿದ ಮುಳ್ಳು,
ಕಾಯಂ ಆಗೂಮುಂದ ಗುರುತಾತು.

ಹನ್ನೊಂದು ಮಂದಿ ಸಾಹೇಬ್ರು ಬದಲಾದ್ರು.
ಒಬ್ರು ನಸಕಿನ್ಯಾಗ ಹೊಲದಾಗ ಇರ್ತಿದ್ರು,
ಬಿಸಲಿಗೆ ಕಬ್ಬಣ ಹಿಗ್ಗತೈತಿ ಅಂತ.
ಒಬ್ರು ಛತ್ರಿ ಹಿಡಿಸಿಕೊಂಡು
ಕುಂತಲ್ಲೇ ಆರು ಎಕರೆ ಅಳದ್ರು.
ವಸ್ತ್ರದ ಮೇಡಮ್ಮಾರು ಮಾತ್ರ
ಮೊದ್ಲ ಹೊಲದಾಕೀನ್ನ ಕೇಳ್ತಿದ್ರು:
"ಯವ್ವಾ, ನಿಮ್ಮ ಮಾವ ಎಲ್ಲಿತನಕ ರಂಟಿ ಹೊಡೀತಿದ್ದ?"
ಆಮ್ಯಾಲ ನಕಾಶಿ ಬಿಚ್ಚತಿದ್ರು.

ನಕಾಶ್ಯಾಗ ಗೆರಿ ಸುಮ್ಮನ ಇರತೈತಿ.
ಹೊಲದಾಗ ಅದಕ್ಕ ಬಾಯಿ ಬರತೈತಿ.
ಅಣ್ಣ ಒದರ್ತಾನ, ತಮ್ಮ ಕಲ್ಲು ಕೀಳ್ತಾನ,
ನಾ ಬಿಗಿ ಹಿಡದು ನಿಂದರಬೇಕು.
ಸಾಹೇಬ್ರು "ಆತು" ಅನ್ನೂತನಕ
ಜೇನು ಎದ್ರೂ ಕಾಲು ಕದಲಸಂಗಿಲ್ಲ.

ಲೆಕ್ಕ ಅವರ ಪೆನ್ನಿನಾಗ ಇತ್ತು,
ಹೊಲ ನನ್ನ ಹಿಮ್ಮಡದಾಗ.
ತುಸು ಸಡ್ಲ ಬಿಟ್ರ ಒಂದು ಸಾಲು ಮೆಣಸಿನಗಿಡ
ಈ ಮನಿ ಬಿಟ್ಟು ಆ ಮನೀಗೆ ಹೋಗ್ತಿತ್ತು.
ಕಿಸೇಕ್ಕ ನೋಟು ತುರಕಾಕ ಬಂದವ್ರಿಗೆ
"ಎಲಿ ಅಡಿಕಿ ಇದ್ರ ಕೊಡ್ರಿ" ಅಂತಿದ್ದೆ.

ಕಾರಡಗ್ಯಾಗ ಒಂದಿನ, ನೀಲಗಂಗವ್ವನ ವಾಟ್ನಿ.
ಮೂರು ಮಂದಿ ಮೈದುನರು ಬದುವಿನ ಮ್ಯಾಲ.
ಆಕಿ ದೂರ, ಬನ್ನಿಗಿಡದ ಬುಡಕ್ಕ,
ಕೈಯಾಗ ನಮಗಂತ ತಂದ ನೀರಿನ ತಂಬಿಗಿ.
ಕಡೀ ಸರಪಳಿ ಎಳದಾಗ
ನನ್ನ ಹಿಮ್ಮಡ ಅರ್ಧ ಆಣೆ ಜಾರಿತು.
ತಾನ ಜಾರಿತೋ, ನಾ ಜಾರಿಸಿದ್ನೋ.
ಸಾಹೇಬ್ರು ನೋಡಿದ್ರು. ಕೆಮ್ಮಿದ್ರು.
"ಆತು" ಅಂದ್ರು.
ಕಲ್ಲು ಹುಗದ್ವಿ.

ಅರ್ಧ ಆಣೆ ಅಂದ್ರ ಒಂದು ಫೂಟಿಗೆ ಕೂದಲೆಳಿ ಜಾಸ್ತಿ.
ಈಗ್ಲೂ ಬಸ್ಸಿನ ಕಿಟಕ್ಯಾಗಿಂದ ನೋಡ್ತೀನಿ,
ಆ ಒಂದು ಫೂಟಿನಾಗ ಆಕಿ ಚಂಡುಹೂ ಹಾಕ್ಯಾಳ.
ಶುಕ್ರವಾರ ನಮಾಜಿನ ಸಾಲಿನಾಗ
ಹಿಮ್ಮಡಕ್ಕ ಹಿಮ್ಮಡ ಹೊಂದಸೂಮುಂದ
ಹಳದಿ ಹೂ ಕಣ್ಣಿಗೆ ಬರತಾವ.

ಹೋದ ವರ್ಷ ಮಷೀನ ಬಂತು.
ಬಿಳೇ ಟೊಪಿಗಿ ಹಾಕ್ಕೊಂಡು ಮುಗಲಿನ ಕೂಡ ಮಾತಾಡತೈತಿ,
ಆಚೀ ತುದಿಗೆ ಯಾರೂ ಬ್ಯಾಡ ಅದಕ್ಕ.
ಸರಪಳಿ ಗುಜರಿಗೆ ಹಾಕಿದ್ರು.
ತೂಗಿದ್ರು. ಮೂರೂವರಿ ಕಿಲೋ.
ಯಾರೂ ಅಳೀಲಿಲ್ಲ.

ನಿವೃತ್ತಿ ದಿನ ಶಾಲು, ಗೋಡಿ ಗಡಿಯಾರ, ಉಪ್ಪಿಟ್ಟು.
ತಹಶೀಲ್ದಾರರು ಹೆಸರು ತಪ್ಪಿ ಕರದ್ರು,
ಆದ್ರೂ ಎದ್ದು ನಿಂತೆ.
ಐದೂವರಿಗೆ ಎಲ್ಲಾರೂ ಹೋದ್ರು.
ಗೇಟಿನ ಹತ್ರ ಬೇವಿನಗಿಡದ ಬುಡಕ್ಕ
ಗಡಿಯಾರ ಬಗಲಾಗಿಟ್ಕೊಂಡು ನಿಂತಾಂವ ನಿಂತೇ ಇದ್ದೆ.

"ಯಾರಿಗೆ ಕಾಯಾಕತ್ತಿ, ನದಾಫಣ್ಣಾ?"
ವಾಚಮನ್ ಕೇಳಿದ.

ಬಸ್ಸಿಗೆ, ಅಂದೆ.