ಒಂದು ಗೇಣು ನೂಲು

ಕುಂಬಳೆಯ ಹೊಲಿಗೆ ಅಂಗಡಿಯ ಕಪ್ಪು ನೂಲು ಒಂದು ಗೇಣು,
ಎರಡು ಗುಂಡುಸೂಜಿ, ಗ್ರಾಫ್ ಹಾಳೆ.
ಅಡ್ಡಕ್ಕೆ ಜನವರಿಯ ಟೆಸ್ಟು, ಎಂಬತ್ತರಲ್ಲಿ ಎಷ್ಟು ಎಂದು;
ನೆಟ್ಟಗೆ ಮಾರ್ಚಿನ ಗ್ರೇಡು,
ಎ ಪ್ಲಸ್ಸಿಗೆ ಒಂಬತ್ತು, ಇಳಿದಿಳಿದು ಇ-ಗೆ ಒಂದು.
ಹತ್ತು ಬಿ, ಕನ್ನಡ ಡಿವಿಷನ್:
ಇಪ್ಪತ್ತೆರಡು ಚುಕ್ಕಿ.

ನೂಲನ್ನು ಹೇಗೆ ಎಳೆದರೂ ಯಾರೋ ಹೊರಗೆ.
ಲೆಕ್ಕವೇ ಮಾಡುವ ಎಂದು ಕೂತೆ.
ಪ್ರತಿ ಚುಕ್ಕಿಯ ದೂರವನ್ನು ವರ್ಗ ಮಾಡಿ ಕೂಡಿಸಿ
ಮೊತ್ತ ಅತಿ ಕಡಿಮೆ ಆಗುವಲ್ಲಿ ಗೆರೆ.
ವರ್ಗ ಎಂದರೆ ಗುಣಾಕಾರ ಮಾತ್ರ ಅಲ್ಲ,
ಮೇ ತಿಂಗಳಲ್ಲಿ ನಾವು ಹೆದರುವ ಕಾಗದವೂ ಅದೇ;
ಎರಡು ಸಲ ಹಾಗೆ ಹೊಸದುರ್ಗದವರೆಗೆ ಹೋಗಿ ಬಂದವಳು ನಾನು.
ಇರಲಿ. ನೂಲನ್ನು ಅಲ್ಲಿಗೆ ಸರಿಸಿ ಚುಚ್ಚಿದೆ.

ಹತ್ತು ಮಾರ್ಕಿಗೆ ಒಂದು ಗ್ರೇಡು ಎನ್ನುತ್ತದೆ ಗೆರೆ.
ಸೊನ್ನೆ ತೆಗೆದವನಿಗೂ ಒಂದರ ಹತ್ತಿರ ಕೊಡುತ್ತದೆ,
ಹೆಸರು, ನಂಬರು ಸರಿಯಾಗಿ ಬರೆದದ್ದಕ್ಕೆ ಇರಬೇಕು.
ಮೇಲಿನವರ ದೂರದಿಂದ ಕೆಳಗಿನವರ ದೂರ ಕಳೆದರೆ ಸೊನ್ನೆ.
ಹೆಡ್‌ಮಾಸ್ತರರಿಗೆ ಇದು ಬಹಳ ಹಿಡಿಸಿತು:
"ಒಟ್ಟಿನಲ್ಲಿ ತಪ್ಪೇ ಇಲ್ಲ ಅಂತಾಯ್ತಲ್ಲ!
ಬರುವ ವರ್ಷದವರದ್ದೂ ಹೀಗೇ ಹೇಳಿಬಿಡಿ ಟೀಚರ್,
ಆಫೀಸಿಗೆ ಪಟ್ಟಿ ಕಳಿಸಲಿಕ್ಕುಂಟು."

ಎಂತ ಹೇಳುದು?
ಅರವತ್ತೆಂಟು ತೆಗೆದ ಕೀರ್ತೇಶ
ಸಿ ಪ್ಲಸ್ಸಿಗೆ ಜಾರಿದ. ಯಾಕೆಂದು ಕೇಳಿದರೆ
ಐಸಿನ ಟೆಂಪೋದ ಹಿಂದೆ ನಿಂತು ಕೈ ಬೀಸಿದ, ಅಷ್ಟೆ.
ಶಿರಿಯ ಸೇತುವೆ ದಾಟಿತು ಟೆಂಪೋ.

ಮೂವತ್ತೊಂದರ ಮಿಸ್ರಿಯಾಳಿಗೆ
ಗೆರೆ ನಾಲ್ಕು ಅಳೆದಿಟ್ಟಿತ್ತು. ಎಂಟು ತಂದಳು.
ಮೊನ್ನೆ ಟಿ.ಸಿ.ಗೆ ಬಂದವಳು ಮೇಜಿನ ಹಾಳೆ ನೋಡಿ
"ಇದರಲ್ಲಿ ನಾನು ಯಾವುದು ಟೀಚರೇ?"
ತೋರಿಸಿದೆ.
"ಅಷ್ಟು ದೂರವಾ!"
ಆಮೇಲೆ, ಗುಟ್ಟು ಹೇಳುವ ಹಾಗೆ:
"ಟೆಸ್ಟಿನ ಪ್ರಶ್ನೆ ನೀವು ಬೋರ್ಡಿನಲ್ಲಿ ಬರೆದದ್ದಲ್ವಾ,
ಆಗ ನನಗೆ ಕನ್ನಡಕ ಇರಲಿಲ್ಲ."

ಕೊನೆಯ ಬೆಂಚು. ನನ್ನ ಸಣ್ಣ ಅಕ್ಷರ.
ಅಡ್ಡಗೆರೆಯ ಮೇಲೆ ಇಡೀ ವರ್ಷ ನಾನು ಅಳೆದದ್ದು
ಎಂತದನ್ನು?

ಕನ್ನಡಕ ತೆಗೆದು ಶಾಲಿನ ತುದಿಯಲ್ಲಿ ಒರಸಿ
ಅವಳು ಮತ್ತೆ ಬಗ್ಗಿದಳು:
"ಹಾಗಾದರೆ ಸರೀ ನೂಲಿನ ಮೇಲೆ ಕೂತದ್ದು ಯಾರು?"
ಹುಡುಕಿದೆವು ಇಬ್ಬರೂ, ಬೆರಳಿಟ್ಟು, ಎಡದಿಂದ ಬಲಕ್ಕೆ.
ಯಾರೂ ಇಲ್ಲ.

ಕಡಲ ಕಡೆಯ ಕಿಟಕಿ ತೆರೆದಿತ್ತು.
ಒಂದು ಸೂಜಿ ಮೊದಲೇ ಸಡಿಲ.