ಕರಿಬಣ್ಣದ ಬಟ್ಟಲು

ಗೆಂಗ್ ಷೌಯಿಯ ತಲೆ ನನಗೆ ಮೊದಲು ಸಿಕ್ಕಿದ್ದು
ಅರ್ಧ ಬೋಳಾಗಿ.
ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಹುಡುಗರು
ಎಡಗಡೆ ಪೂರಾ ಹೆರೆದು, ಬಲಗಡೆ ಹಾಗೇ ಬಿಟ್ಟು
ಕೊರಳಿಗೆ ಹಲಗೆ ತೂಗಿ ಊರೆಲ್ಲ ಮೆರೆಸಿದ್ದರು.
ರಾತ್ರಿ ಹಿಂಬಾಗಿಲಲ್ಲಿ ಬಂದು ಕೂತ. ಮಾತಿಲ್ಲ.
ಉಳಿದರ್ಧ ನಾನೇ ಬೋಳಿಸಿದೆ,
ಕತ್ತಿ ತೊಳೆದ ನೀರು ಕತ್ತಲಿಗೆ ಚೆಲ್ಲಿದೆ.

ಹನ್ನೊಂದು ವರ್ಷ ಕಳೆದು ಅದೇ ತಾಲೂಕಿಗೆ
ಪಕ್ಷದ ಕಾರ್ಯದರ್ಶಿಯಾಗಿ ಬಂದ, ಸೈಕಲ್ಲು ತುಳಿದುಕೊಂಡು.
ಕುರ್ಚಿಯಲ್ಲಿ ಕೂತು ಕೇಳಿದ್ದು ಒಂದೇ:
"ಗೋಧಿ ಎಷ್ಟಾಯ್ತು? ನಿಜ ಹೇಳು."
ಕಾಗದದಲ್ಲಿ ಸಾವಿರ ಚೀಲ, ಕಣಜದಲ್ಲಿ ಮುನ್ನೂರು ಎಂದೆ.
ಕತ್ತರಿಯ ಪಕ್ಕದಲ್ಲೇ ಅವನ ಕಿವಿ ಕೆಂಪಾಯಿತು.
ಮರುದಿನ ಲೆಕ್ಕದ ಪುಸ್ತಕ ಬಿಚ್ಚಿ, ಹಾಳೆ ಹಾಳೆಯಾಗಿ
ಗೋದಾಮಿನ ಗೋಡೆಗೆ ಗಂಜಿಯಲ್ಲಿ ಅಂಟಿಸಿದ;
ಓದು ಬಾರದವರಿಗೆ ಓದಿ ಹೇಳಲೆಂದು
ಶಾಲೆಯ ಹುಡುಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿದ.

ಆಮೇಲೆ ಕಾಳಿನ ಚುನಾವಣೆ.
ಬೆನ್ನು ಮಾಡಿ ಕೂತ ಐದು ಜನ, ಬೆನ್ನ ಹಿಂದೆ ಐದು ಬಟ್ಟಲು,
ಬಂದವರ ಮುಷ್ಟಿಯಲ್ಲಿ ಒಂದೊಂದೇ ಸೋಯಾಕಾಳು.
ಪಕ್ಕದ ಬಟ್ಟಲಲ್ಲಿ ಟಪ್ ಟಪ್ ಎಂದಷ್ಟೂ
ಹಳೆಯ ಮುಖಂಡ ಲುವಾನನ ಕತ್ತು ಬೆವರಿದ್ದು
ನಾನು ಕಂಡೆ. ಆ ಕತ್ತೂ ನನ್ನದೇ ಗಿರಾಕಿ.
(ಎಣಿಸಿದ ಕಾಳನ್ನು ರಾತ್ರಿ ಬೇಯಿಸಿ ಎಲ್ಲರೂ ತಿಂದೆವು.)

ಪ್ರಾಂತ್ಯದ ರಾಜಧಾನಿಗೆ ಹೋಗುವಾಗ ನನ್ನನ್ನೂ ಕರೆದ.
ಬಣ್ಣ ಕಲೆಸುವುದನ್ನು ಅಲ್ಲಿ ಕಲಿತೆ.
ಮೇಲಿನವರ ತಲೆಯೆಲ್ಲ ಒಂದೇ ಕಪ್ಪು, ಎಪ್ಪತ್ತಾದವರದೂ;
ವೇದಿಕೆಯ ಮೇಲೆ ಮಸಿಕುಡಿಕೆ ಸಾಲಿಟ್ಟ ಹಾಗೆ.
ಬುಡದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಇಣುಕಿದರೂ
ಕಚೇರಿಯಿಂದ ನನಗೆ ಫೋನು.
"ಇದೂ ಆ ಗೋಧಿಯ ಲೆಕ್ಕವೇ ಅಲ್ಲವೇನೋ"
ಎಂದ ಒಂದು ದಿನ, ಕನ್ನಡಿಯೊಳಗಿದ್ದವನಿಗೆ.

ಅಧಿಕಾರದಲ್ಲಿದ್ದವರು ಆಸ್ತಿ ಬರೆದು ಬೀದಿಗೆ ಹಚ್ಚಬೇಕು ಎಂದ.
ಮೊದಲ ಹಾಳೆ ತನ್ನದೇ ಓದಿದ:
ಕೌದಿ ಎರಡು, ಹೆಂಡತಿಯ ಹೊಲಿಗೆಯಂತ್ರ,
ಮಗಳು ಕೊಟ್ಟ ಕೈಗಡಿಯಾರ, ಸ್ವಲ್ಪ ನಿಧಾನ;
ಸಾಲ: ಕ್ಷೌರಿಕನಿಗೆ ನಾಲ್ಕು ಯುವಾನ್.
ಸಭೆ ಬಿದ್ದು ಬಿದ್ದು ನಕ್ಕಿತಂತೆ.
ಎರಡನೆಯ ಹಾಳೆ ಯಾರದು ಎಂದಾಗ
ಚಹದ ಲೋಟಗಳ ಮುಚ್ಚಳ ಕೂಡ ಅಲುಗಲಿಲ್ಲವಂತೆ.

ಆ ಚಳಿಗಾಲ ಪತ್ರಿಕೆಗಳಲ್ಲಿ ಅವನ ಹೆಸರಿಲ್ಲ.
ಮೈಗೆ ಸರಿಯಿಲ್ಲ, ಅಂದರು.
ಮೂರು ತಿಂಗಳಾದ ಮೇಲೆ ನನ್ನನ್ನು ಬಿಟ್ಟರು;
ಗೇಟಿನ ಹುಡುಗ ಪೆಟ್ಟಿಗೆ ತೆಗೆಸಿ ಕತ್ತರಿ ಎಣಿಸಿದ.
ಒಳಗೆ, ಬೆಳೆದ ತಲೆ: ತುದಿ ಕಪ್ಪು, ಬುಡ ಬಿಳಿ.
ಮತ್ತೆ ಅರ್ಧರ್ಧ.
ಬಟ್ಟಲಿಗೆ ಬಣ್ಣ ಸುರಿಯಹೋದೆ, ಕೈ ಅಡ್ಡ ಇಟ್ಟ:
"ಯಾವ ಫೋಟೋಕ್ಕಪ್ಪ ಇನ್ನು?"

ಕಪ್ಪನ್ನಷ್ಟೇ ಕತ್ತರಿಸಿದೆ. ಅವನ ಅಪ್ಪನಂತೆ ಕಂಡ,
ಆ ಅಪ್ಪನನ್ನು ನಾನು ನೋಡಿಲ್ಲವಾದರೂ.
ಎದ್ದವನು ಜೇಬು ತಡಕಿ ನಾಲ್ಕು ಯುವಾನ್ ಚಾಚಿದ.
ಇರಲಿ, ಬರೆದದ್ದನ್ನು ಯಾಕೆ ತಿದ್ದುತ್ತೀಯ, ಎಂದೆ.
ನಕ್ಕ. ಹಲ್ಲು ಎರಡು ಹೋಗಿದ್ದವು.

ಗೇಟಿನ ಹುಡುಗ ಮತ್ತೆ ಕತ್ತರಿ ಎಣಿಸಿದ.
ಟವೆಲಿನ ಗಂಟು ಬಿಚ್ಚಿಸಿ ಬೆರಳಾಡಿಸಿದ,
ಕೂದಲಲ್ಲಿ ಚೀಟಿಗೀಟಿ ಇರಬಹುದೆಂದು.
ಅವನ ಬೆರಳು ಸ್ವಲ್ಪ ಕಪ್ಪಾಯಿತು.