ಹನ್ನೊಂದು ನಿಮಿಷ

ದೂರ ಎಷ್ಟೆಂದು ಕೇಳಿದೆ ಟಿಕೆಟ್ಟು ಕೊಡುವವನನ್ನ,
ಬ್ರಾಝಾವಿಲ್‌ನಿಂದ ಕಿನ್ಶಾಸಾಕ್ಕೆ.
ನಕ್ಕ. ಗೋಡೆಯ ನಕ್ಷೆಗೆ ಬೆರಳು ಮಾಡಿದ:
ಎರಡು ಚುಕ್ಕೆ, ಒಂದರ ಹೆಸರು ಇನ್ನೊಂದರ ಮೈಮೇಲೆ ಬಿದ್ದಿದೆ.
ಕೊರಳಲ್ಲಿದ್ದ ಟೇಪು ತೆಗೆದು ಅಳೆದೇ ಬಿಟ್ಟೆ,
ದರ್ಜಿಯ ಚಾಳಿ, ಎಲ್ಲಿ ಹೋದರೂ ಬಿಡದು.
ಗುಂಡಿಯ ಕಾಜಾದಷ್ಟೂ ಇರಲಿಲ್ಲ.

"ಹಾರುವುದು ಹನ್ನೊಂದು ನಿಮಿಷ," ಅಂದ,
"ಅದೂ ಗಾಳಿ ಎದುರಾದರೆ."
ಬೆಲೆ: ಎರಡು ತಿಂಗಳ ಹೊಲಿಗೆ.
ನಿಮಿಷಕ್ಕೆ ಎಷ್ಟು ಬಿತ್ತೆಂದು ಭಾಗಿಸಹೋಗಿ
ನಡುವೆಯೇ ಕೈಬಿಟ್ಟೆ.

ಹಡಗು ಇದ್ದಾಗ ಹೀಗಿರಲಿಲ್ಲ.
ಮೀನಿನ ಬುಟ್ಟಿ, ಸೋಪಿನ ಪೆಟ್ಟಿಗೆ,
ಮೂರು ಗಾಲಿಯ ಕುರ್ಚಿಗೆ ಬೆಟ್ಟದಷ್ಟು ಸರಕು ಹೇರಿಕೊಂಡು
ದಾರಿ ಬಿಡ್ರೋ ಎಂದು ಗದರುವ ಮಲೋಂಗಾ.
ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುತ್ತಾರಂತೆ ಜನ;
ನಾವು ದಾಟುವಾಗಲೇ ಬೈಯುತ್ತಿದ್ದೆವು.
ಈಗ ಎಂಟು ತಿಂಗಳಾಯ್ತು,
ಎರಡು ದಡದ ಎರಡು ಸರ್ಕಾರ ಮುಖ ತಿರುಗಿಸಿ ಕೂತು.
ಹಗ್ಗಕ್ಕೂ ಪಾಚಿ.

ಆಚೆ ಇರುವವಳು ನ್ಸಿಂಬಾ. ನಾನು ನ್ಝೂಝಿ.
ನಮ್ಮವರಲ್ಲಿ ಅವಳಿ ಹುಟ್ಟಿದರೆ ಹೆಸರು ಹುಡುಕುವ ಗೋಜಿಲ್ಲ:
ಮುಂದೆ ಬಂದದ್ದು ನ್ಸಿಂಬಾ, ಹಿಂದೆ ಬಂದದ್ದು ನ್ಝೂಝಿ.
ನಡುವೆ ಎಷ್ಟು ಹೊತ್ತು?
ಅಮ್ಮನ ಹತ್ತಿರ ಗಡಿಯಾರವಿರಲಿಲ್ಲ.
"ನೀರು ಕುದಿಯುವಷ್ಟು" ಅನ್ನುತ್ತಿದ್ದಳು.
ಸಿಟ್ಟು ಬಂದ ದಿನ ಮಾತ್ರ
"ಮರಗೆಣಸು ಬೇಯುವಷ್ಟು, ಕೊಂದೇ ಬಿಟ್ಟಿದ್ದೆ ನೀನು."

ತೊಡೆಯ ಮೇಲೆ ನ್ಸಿಂಬಾಳ ಮಗಳ ಮದುವೆಯ ಗೌನು.
ಮೇಲಿನ ಗೂಡಿಗೆ ಕೊಡಲಿಲ್ಲ, ಲೇಸು ಮುದುರುತ್ತದೆ.
ವಿಮಾನ ಏರಿತು; ಏರಿದ ಉಸಿರಲ್ಲೇ ಇಳಿಯತೊಡಗಿತು.
ಬೆಲ್ಟು ಬಿಚ್ಚಲಿಲ್ಲ, ಗುಟುಕು ನೀರು ಬರಲಿಲ್ಲ.
ಪಕ್ಕದವನು ಶಿಲುಬೆಯ ಗುರುತಿಗೆಂದು ಕೈ ಎತ್ತಿದವನು
ಹಣೆಯಿಂದ ಭುಜಕ್ಕೆ ಬರುವಷ್ಟರಲ್ಲಿ
ಹೊಳೆ ಮುಗಿದಿತ್ತು.
ಕಂಡದ್ದಿಷ್ಟೇ: ಕಂದು ನೀರು, ಅಲ್ಲಲ್ಲಿ ಬಿಳಿ ನೊರೆ,
ಹೊಲಿಗೆ ಬಿಟ್ಟ ಅಂಗಿಯ ಪಕ್ಕೆ.
ವಿಮಾನವನ್ನು ಸೂಜಿ ಅನ್ನಬಹುದಿತ್ತು. ಅನ್ನಲಾರೆ.
ಸೂಜಿ ಹಾದಲ್ಲಿ ದಾರ ಉಳಿಯುತ್ತದೆ.

ದೂರ ಶುರುವಾದದ್ದು ಇಳಿದ ಮೇಲೆ.
ಒಂದು ಠಸ್ಸೆ, ಇನ್ನೊಂದು ಠಸ್ಸೆ, ಠಸ್ಸೆ ಒತ್ತಿದ್ದಕ್ಕೆ ಶುಲ್ಕ,
ಆಮೇಲೆ ಊರಿನ ಆ ತುದಿಯಿಂದ ಈ ತುದಿಗೆ
ನಾಲ್ಕು ಗಂಟೆ, ನಿಂತ ಲಾರಿಗಳ ಹೊಗೆಯಲ್ಲಿ.
ಟ್ಯಾಕ್ಸಿಯವನ ಹೆಸರು ಕೇಳಿದೆ. ಕಬಂಗಾ.
ಲೂಬಾ ಜನ ಹಾಗೆ ಕರೆಯುವುದು ಅವಳಿಯಲ್ಲಿ ಹಿಂದಿನವನನ್ನು.
"ನಿಮ್ಮ ಮುಂದಿನವರು?" ಅಂದೆ.
ಎದುರಿಗೆ ಯಾರೂ ಇರಲಿಲ್ಲ,
ಆದರೂ ಹಾರ್ನು ಒತ್ತಿದ.

ಕಿನ್ಸುಕಾ ಮುಟ್ಟಿದಾಗ ಕತ್ತಲು.
ಹುಡುಗಿ ಗೌನು ತೊಟ್ಟಳು: ಸೊಂಟ ಎರಡು ಬೆರಳು ಸಡಿಲ.
ಫೋನಿನಲ್ಲಿ ಹೇಳಿದ ಅಳತೆ ಯಾವತ್ತೂ ಇಷ್ಟೇ.
ಜಗಲಿಯಲ್ಲಿ ಕೂತು ಬಿಚ್ಚಿದೆವು, ಅಕ್ಕ ಒಂದು ಪಕ್ಕೆ, ನಾನೊಂದು;
ಸೂಜಿಗೆ ದಾರ ಪೋಣಿಸಲು ಇಬ್ಬರಿಗೂ ಕಣ್ಣು ಸಾಲದೆ
ಮದುಮಗಳನ್ನೇ ಕರೆದೆವು.

ಎದುರಿಗೆ ಬಂಡೆಗಳಲ್ಲಿ ನೀರಿನ ಮೊರೆತ.
ಅದರಾಚೆ ದೀಪಗಳು, ನಮ್ಮ ಬಕೊಂಗೊ, ನಮ್ಮ ಬೀದಿ.
ಮೊರೆತದ ಸಂದಿನಲ್ಲಿ ತೇಲಿ ಬಂತು ಯಾರದೋ ರೇಡಿಯೋ.
ಯಾರದೋ ಏನು, ಗೊತ್ತಲ್ಲ,
ಕೇರಿಗೆಲ್ಲ ಕೇಳುವಂತೆ ಹಚ್ಚುವವನು ಮಿಲಾಂದು ಒಬ್ಬನೇ.
"ಸಣ್ಣಗೆ ಇಡೋ, ಮಲಗೋ ಹೊತ್ತು!"
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೂಗಿದಳು ನ್ಸಿಂಬಾ
ಹೊಳೆಗೆ ಅಡ್ಡವಾಗಿ.

ಗಾಳಿ ತಿರುಗಿತೋ, ಕೇಳಿಸಿಕೊಂಡನೋ,
ಸದ್ದು ತಗ್ಗಿತು.